ತೆಂಗಿನ ತಲೆಯ ಎತ್ತರ

ಮುರಿದ ಮರದ ಪಟ್ಟಿಯ ಸೀಳಿನಲ್ಲಿ ತೆಂಗಿನ ನಾರಿನ ನಾಲ್ಕು ಎಳೆಗಳು ಸಿಕ್ಕಿಕೊಂಡಿದ್ದವು. ಮೂರು ಇನ್ನೂ ಹಸಿ, ಒಂದು ಒಣಗಿದ್ದು. ಸೀಳು ನನ್ನ ಕಿರುಬೆರಳಿನಷ್ಟು ಉದ್ದವಿತ್ತು. ನಾನು ಮುಟ್ಟಲಿಲ್ಲ. ಫೋನಿನಲ್ಲಿ ಎರಡು ಚಿತ್ರ ತೆಗೆದುಕೊಂಡೆ. ಒಂದು ಹತ್ತಿರದಿಂದ, ಇನ್ನೊಂದು ಅಳತೆ ತಿಳಿಯಲೆಂದು ಪಕ್ಕದಲ್ಲಿ ಪೆನ್ನಿಟ್ಟು.

ಆ ಪಟ್ಟಿ ಒಂದು ಹಳೆಯ ವಿಮಾನದ ಎಡಗಡೆ ಕೆಳರೆಕ್ಕೆಯದು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಮರದ ಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ. ವಯಸ್ಸಿನಲ್ಲಿ ನನ್ನ ತಾತನ ಜೊತೆಯದು. ಅದು ಬಿದ್ದು ಮೂರು ದಿನವಾಗಿತ್ತು. ಪಾಂಡವಪುರದ ಹೊರಗೆ ಒಂದು ಗೋದಾಮಿನಲ್ಲಿ ಅದರ ಚೂರುಗಳನ್ನು ರಾಶಿ ಹಾಕಿದ್ದರು. ಆ ರೆಕ್ಕೆಯ ಪಟ್ಟಿಗಳನ್ನೆಲ್ಲ ಮಾಡಿದವನು ನನ್ನ ಅಪ್ಪ. ಪಟ್ಟಿ ಮುರಿದದ್ದರಿಂದಲೇ ವಿಮಾನ ಬಿತ್ತು ಎಂದು ಅಷ್ಟರಲ್ಲಿ ತಾಲ್ಲೂಕೆಲ್ಲ ಮಾತಾಡಿಕೊಳ್ಳುತ್ತಿತ್ತು. ಹೊಸಹೊಳಲಿನಿಂದ ನಮ್ಮಲ್ಲಿ ಬಾಗಿಲು ಮಾಡಿಸಲು ಮರ ತಂದುಹಾಕಿದ್ದವರು, ಮುಹೂರ್ತ ಮುಂದಕ್ಕೆ ಹೋಯಿತು ಎಂದು ಹೇಳಿ, ಮರವನ್ನು ವಾಪಸು ಟ್ರಾಕ್ಟರಿಗೆ ಏರಿಸಿಕೊಂಡು ಹೋಗಿದ್ದರು. ಅಪ್ಪ ತಾನೇ ಒಂದು ತುದಿ ಹಿಡಿದು ಏರಿಸಿಕೊಟ್ಟಿದ್ದ.

ಚೂರುಗಳ ಲೆಕ್ಕ ಬರೆಯುತ್ತಿದ್ದ ಗುಮಾಸ್ತರಿಗೆ ನಾನು ನಾರನ್ನು ತೋರಿಸಿದೆ. ಅವರು ಬಗ್ಗಿ ನೋಡಿ, "ಕಸ ಮೇಡಂ," ಎಂದರು. ಬರೆದುಕೊಳ್ಳಲಿಲ್ಲ.

ನಮ್ಮದು ಕೆ.ಆರ್. ಪೇಟೆಯ ಬಡಗಿ ಮನೆ. ನಾನು ಇತಿಹಾಸ ಓದಿ, ನಾಗಮಂಗಲದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಈ ವಿಮಾನಕ್ಕೂ ನಮ್ಮ ಮನೆಗೂ ಎರಡು ತಲೆಮಾರಿನ ನಂಟಿದೆ. ಮೊದಲು ಅದು ಸೈನ್ಯದ ಹುಡುಗರಿಗೆ ಹಾರಾಟ ಕಲಿಸುತ್ತಿತ್ತು. ಆಮೇಲೆ ಯಾವುದೋ ಹಾರಾಟದ ಕ್ಲಬ್ಬಿಗೆ ಹೋಯಿತು. ಅಲ್ಲಿಂದ ಈ ಕಡೆಯ ಕಬ್ಬಿನ ಗದ್ದೆಗಳ ಮೇಲೆ ಔಷಧಿ ಸಿಂಪಡಿಸಲು ಬಂತು. ಇಳಿಯುವಾಗ ದಿಬ್ಬಕ್ಕೆ ತಗುಲಿ ರೆಕ್ಕೆ ಮುರಿದಾಗ ಪೇಟೆಯಿಂದ ನನ್ನ ತಾತನನ್ನು ಕರೆಸಿದರು. ಗಾಡಿಯ ಚಕ್ರ ಕೂರಿಸುವವನಿಗೆ ರೆಕ್ಕೆ ಯಾವ ಲೆಕ್ಕ ಎಂಬುದು ಕರೆಸಿದವರ ಧೈರ್ಯ. ತಾತ ಕೂರಿಸಿಕೊಟ್ಟ. ನಂತರ ವಿಮಾನ ಶೆಡ್ಡಿನಲ್ಲಿ ಬಹಳ ವರ್ಷ ಮಲಗಿತು. ಚಾಲಕನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ಕೊನೆಗೆ ಶ್ರೀರಂಗಪಟ್ಟಣದಾಚೆ ದೊಡ್ಡ ತೋಟವಿರುವ ಒಬ್ಬರು ಅದನ್ನು ಕೊಂಡರು. ಅವರಿಗೆ ವಿಮಾನ ಹಾರಿಸುವ ಲೈಸೆನ್ಸಿತ್ತು, ತೋಟದಲ್ಲಿ ಹುಲ್ಲಿನ ರನ್‌ವೇಯೂ ಇತ್ತು. ಹಳೆಯದನ್ನು ಹಳೆಯದರಂತೆಯೇ ಕಟ್ಟಿಸಬೇಕು ಎಂಬ ಹಟವೂ ಇತ್ತು. ಅಪ್ಪನನ್ನು ಕರೆಸಿದರು.

ಅಪ್ಪ ಎರಡು ವರ್ಷ ಆ ಕೆಲಸ ಮಾಡಿದ. ಹೊರದೇಶದಿಂದ ತರಿಸಿದ ಮರವನ್ನು ಮೊದಲ ದಿನ ಮೂಸಿ ನೋಡಿ, "ಬಾಚ್ದ ಕೂದ್ಲಂಗದೆ ಕಣವ್ವ ಇದು. ಒಂದ್ ಗಂಟಿಲ್ಲ, ಒಂದ್ ಸಿಟ್ಟಿಲ್ಲ," ಎಂದಿದ್ದ. ಅವನು ಮಾಡಿದ ಒಂದೊಂದು ಪಟ್ಟಿಯನ್ನೂ ತೋಟದ ಯಜಮಾನರು ಇಟ್ಟುಕೊಂಡಿದ್ದ ಎಂಜಿನಿಯರು ತೂಗಿ, ಬಗ್ಗಿಸಿ, ಪರೀಕ್ಷಿಸಿ ಸಹಿ ಹಾಕಿದ ಮೇಲೆಯೇ ಬಟ್ಟೆ ಬಿಗಿದದ್ದು. ಅಲ್ಲಿಗೆ ಅಪ್ಪನ ಕೆಲಸ ಮುಗಿಯಿತು.

ನನ್ನ ಕೆಲಸ ಆಮೇಲೆ ಶುರುವಾಯಿತು. ಶೆಡ್ಡಿನ ಗೋಡೆಗೆ ತೂಗುಹಾಕಲು ವಿಮಾನದ ಸೇವಾ ಚರಿತ್ರೆಯನ್ನು ಬರೆದುಕೊಡಿ ಎಂದು ಯಜಮಾನರು ನನ್ನನ್ನು ಕೇಳಿದರು. ಹಳೆಯ ಲಾಗ್ ಪುಸ್ತಕಗಳನ್ನು ಕೊಟ್ಟರು. ಯಾವ ದಿನ ಎಷ್ಟು ಹೊತ್ತು ಹಾರಿತು, ಏನು ಮುರಿಯಿತು, ಯಾರು ಸರಿಮಾಡಿದರು, ಎಲ್ಲವೂ ಅದರಲ್ಲಿತ್ತು. ನಾನು ಪುಟಪುಟ ಓದಿ ಬರೆದೆ. ಪುಸ್ತಕದಲ್ಲಿಲ್ಲದ ಒಂದೇ ಒಂದು ವಾಕ್ಯ ಸೇರಿಸಿದೆ: "ಔಷಧಿ ಸಿಂಪಡಿಸುವ ದಿನಗಳಲ್ಲಿ ಇದು ತೆಂಗಿನ ತಲೆಗಿಂತ ಕೆಳಗೆ ಹಾರಿ, ನಾಲೆಯ ಏರಿ ಎದುರಾದಾಗ ತಟ್ಟನೆ ಮೇಲೇಳುತ್ತಿತ್ತು." ತಾತ ಹೇಳುತ್ತಿದ್ದ ಮಾತು ಅದು. ತಾತನಿಗೆ ಕತೆ ಹೇಳುವಾಗ ಎತ್ತರ, ಆಳಗಳ ಹಂಗಿರಲಿಲ್ಲ. ಅದು ಗೊತ್ತಿದ್ದೂ ಬರೆದೆ. ಚೆನ್ನಾಗಿ ಕಂಡಿತು, ಬರೆದೆ.

ಯಜಮಾನರಿಗೆ ಅರವತ್ತು ತುಂಬಿದ ದಿನ ತೋಟದಲ್ಲಿ ಕೂಟವಿತ್ತು. ಅಪ್ಪನನ್ನೂ ನನ್ನನ್ನೂ ಕರೆದಿದ್ದರು. ಬೆಳಗಿನ ತಿಂಡಿಯ ಹೊತ್ತಿಗೆ ಅವರು ಬಂದವರನ್ನೆಲ್ಲ ಶೆಡ್ಡಿಗೆ ಕರೆದೊಯ್ದು ಗೋಡೆಯ ಬರಹವನ್ನು ಗಟ್ಟಿಯಾಗಿ ಓದಿದರು. ತೆಂಗಿನ ತಲೆಯ ವಾಕ್ಯವನ್ನು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತು ನಿಮ್ಮ ಸಾಲನ್ನ ನಿಜ ಮಾಡಿ ತೋರಿಸ್ತೀನಿ, ನೋಡ್ತಾ ಇರಿ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ಹೊರಗೆ ವಿಮಾನದ ಹತ್ತಿರವೇ ನಿಂತಿದ್ದ.

ನಾನು ನಕ್ಕೆ. ಬೇಡಿ ಎನ್ನಲಿಲ್ಲ. ನನ್ನ ಬರಹವನ್ನು ಅಷ್ಟು ಜನರ ಎದುರು ಯಾರೂ ಓದಿರಲಿಲ್ಲ. ಇದನ್ನು ನಾನು ಬಹಳ ದಿನ ಯಾರಿಗೂ ಹೇಳಲಿಲ್ಲ, ಅಪ್ಪನಿಗೂ.

ಅವರು ಒಬ್ಬರೇ ಹಾರಿದರು. ನಾಲೆಯ ಆಚೆ ಮೊದಲ ಸುತ್ತು, ಎರಡನೆಯದು ಇನ್ನೂ ಕೆಳಗೆ. ಮೂರನೆಯ ಸುತ್ತಿನಲ್ಲಿ ಮರಗಳ ಹಿಂದೆ ಇಳಿದದ್ದು ಮತ್ತೆ ಮೇಲೇಳಲಿಲ್ಲ. ಶಬ್ದ ನಾನು ನೆನೆಸಿದಷ್ಟು ದೊಡ್ಡದಾಗಿರಲಿಲ್ಲ. ಒಣ ಸೌದೆ ಹೊರೆಯನ್ನು ನೆಲಕ್ಕೆ ಹಾಕಿದಷ್ಟೇ.

ನಾವು ಓಡಿಹೋದಾಗ ವಿಮಾನ ಕಬ್ಬಿನ ಗದ್ದೆಯಲ್ಲಿ ಮೂತಿ ಊರಿ ಬಿದ್ದಿತ್ತು. ಕಬ್ಬು ಎದೆಯೆತ್ತರ ಬೆಳೆದಿದ್ದರಿಂದ ಅವರು ಉಳಿದುಕೊಂಡರು. ಕಾಲು ಮುರಿದಿತ್ತು, ಪ್ರಜ್ಞೆಯಿತ್ತು. ಪಕ್ಕದ ಬದುವಿನಲ್ಲಿ ತಲೆಯಿಲ್ಲದ ಒಂದು ತೆಂಗಿನ ಮರ ನಿಂತಿತ್ತು. ಅದರ ಬುಡದಲ್ಲಿ ಗದ್ದೆಯ ಅಜ್ಜಿ ಎರಡು ಕೈಯನ್ನೂ ಸೊಂಟಕ್ಕಿಟ್ಟುಕೊಂಡು ಕೂಗಾಡುತ್ತಿದ್ದಳು.

"ಅಜ್ಜಿ, ಮನ್ಸ ಬದುಕವ್ನೆ, ನಿನ್ ಮರದ್ ಚಿಂತೆ ಬುಡು," ಎಂದ ಯಾರೋ ಒಬ್ಬ.

"ಅವ್ನು ಕಾಲ್ ಕಟ್ಟಿಸ್ಕೊಂಡು ಮೂರ್ ತಿಂಗ್ಳಿಗೆ ನಡೀತಾನೆ. ನನ್ ಮರಕ್ಕೆ ತಲೆ ಕಟ್ತೀಯೇನ್ಲಾ ನೀನು?"

ಜನ ನಕ್ಕರು. ಅಲ್ಲಿಗೆ ಅವಳ ಮಾತು ಮುಗಿಯಿತು. ಬರೆದುಕೊಳ್ಳಲು ಬಂದವರು ಯಾರೂ ಅವಳನ್ನು ಕೇಳಲಿಲ್ಲ.

ಅಪ್ಪ ನೇರ ರೆಕ್ಕೆಯ ಹತ್ತಿರ ಹೋದ. ಹರಿದ ಬಟ್ಟೆಯನ್ನು ಎತ್ತಿ, ಮುರಿದ ಪಟ್ಟಿಯ ಮೇಲೆ ಅಂಗೈ ಇಟ್ಟ. ಯಜಮಾನರನ್ನು ಬಾಗಿಲ ಹಲಗೆಯೊಂದರ ಮೇಲೆ ಮಲಗಿಸಿ ಎತ್ತುತ್ತಿದ್ದರು. ಅವರ ಕಡೆ ತಿರುಗಿ ಅಪ್ಪ ಹೇಳಿದ: "ತಪ್ಪು ನಮ್ ಕೈದು ಸ್ವಾಮಿ. ನೀವ್ ಹುಸಾರಾಗಿ. ನಾನ್ ಸರಿ ಮಾಡ್ಕೊಡ್ತೀನಿ."

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆಯವರಿಗೆ ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿದೆ. ನೇಗಿಲು ಮುರಿಯಲಿ, ಗಾಡಿಯ ಚಕ್ರ ಕಳಚಲಿ, ಮುರಿದ ಸಾಮಾನು ಅಂಗಳಕ್ಕೆ ಬಂದಾಗ ಆಚಾರಿಯ ಬಾಯಿಂದ ಮೊದಲು ಬರಬೇಕಾದ ಮಾತು ಅದು. "ತಪ್ಪು ನಮ್ ಕೈದು, ಇಳ್ಸಿ." ಅದಕ್ಕೆ ತಂದವನು, "ಏ ಬುಡಿ ಆಚಾರ್ರೇ, ನಂದೇ ತಪ್ಪು. ಕಬ್ಬು ಜಾಸ್ತಿ ಏರ್ಬುಟ್ಟೆ," ಎನ್ನಬೇಕು. ಆಗ ಇಬ್ಬರೂ ಸಮ. ಆಮೇಲೆ ನಿಜವಾಗಿ ಏನಾಯಿತು ಎಂದು ಕೂತು ನೋಡುವುದು. ಚಿಕ್ಕಂದಿನಿಂದ ಈ ಎರಡು ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಒಂದರ ಹಿಂದೆ ಇನ್ನೊಂದು ಬಾರದೇ ಇದ್ದದ್ದನ್ನು ಮಾತ್ರ ಎಂದೂ ಕೇಳಿರಲಿಲ್ಲ.

ಆ ದಿನ ಎರಡನೆಯ ಮಾತು ಬರಲಿಲ್ಲ. ಯಜಮಾನರು ನೋವಿನಲ್ಲಿದ್ದರು, ಸರಿ. ಆಸ್ಪತ್ರೆಯಲ್ಲಿ ಚೇತರಿಸಿಕೊಂಡ ಮೇಲೂ ಬರಲಿಲ್ಲ. ಅದರ ಬದಲು, ಅಪ್ಪನ ಮಾತನ್ನು ಯಾರೋ ಫೋನಿನಲ್ಲಿ ಹಿಡಿದಿದ್ದ ದೃಶ್ಯ ಮನೆಮನೆಗೆ ಬಂತು. ಕೆಳಗೆ ಬರೆದಿತ್ತು: "ಬಡಗಿ ತಪ್ಪು ಒಪ್ಪಿಕೊಂಡ."

ಬಿದ್ದ ಇಪ್ಪತ್ತೈದನೆಯ ದಿನ ವಿಚಾರಣೆಗೆ ಕರೆ ಬಂತು. ಕೆ.ಆರ್.ಎಸ್.ನ ಒಂದು ಅತಿಥಿಗೃಹದ ಕೋಣೆ. ಗೋಡೆಗೆ ಒಂದು ಕ್ಯಾಲೆಂಡರು, ಮೇಜಿನ ಮೇಲೆ ಆ ಪಟ್ಟಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು. ಹೊರಗಿನಿಂದ ಬಂದ ಅಧಿಕಾರಿ, ಯಜಮಾನರ ಪರವಾಗಿ ಎಂಜಿನಿಯರು, ನಾವಿಬ್ಬರು. ಎಂಜಿನಿಯರ ವಾದ ಸರಳವಾಗಿತ್ತು. ಪಟ್ಟಿ ಗಾಳಿಯಲ್ಲೇ ಬಿಟ್ಟುಕೊಂಡಿತು, ರೆಕ್ಕೆ ಕುಸಿಯಿತು, ಕುಸಿದದ್ದರಿಂದ ವಿಮಾನ ಕೆಳಗಿಳಿದು ಮರಕ್ಕೆ ಹೊಡೆಯಿತು. ಕೆಳಗೆ ಹಾರಿದ್ದರಿಂದ ಮರಕ್ಕೆ ಹೊಡೆದು ಪಟ್ಟಿ ಮುರಿಯಿತು ಎನ್ನುವುದಾದರೆ ತಪ್ಪು ಹಾರಿಸಿದವರದು. ಯಾವುದು ಮೊದಲು ಎಂಬುದೇ ಎಲ್ಲ. ನಾನು ನಾರಿನ ಚಿತ್ರ ತೋರಿಸಿದೆ. ಅಧಿಕಾರಿ ಅದನ್ನು ದೊಡ್ಡದು ಮಾಡಿ ನೋಡಿದರು.

"ಮರಕ್ಕೆ ಹೊಡೆದಿದೆ ಅನ್ನೋದನ್ನ ಯಾರೂ ಅಲ್ಲಗಳೆಯುತ್ತಿಲ್ಲ ಮೇಡಂ," ಎಂದರು ಎಂಜಿನಿಯರು. ಲಾಗ್ ಪುಸ್ತಕ ತೆರೆದು ಒಂದು ನಮೂದನ್ನು ತೋರಿಸಿದರು. ಹಾರಾಟಕ್ಕೆ ನಾಲ್ಕು ದಿನ ಮೊದಲು, ಎಡಗಡೆ ಕೆಳರೆಕ್ಕೆಯ ಪಟ್ಟಿ ಸಡಿಲವಾಗಿದ್ದನ್ನು ಸ್ಥಳೀಯ ಬಡಗಿ ಹೊಸದಾಗಿ ಅಂಟು ಹಾಕಿ ಕೂರಿಸಿದ್ದಾರೆ ಎಂದಿತ್ತು.

ಆ ತಿಂಗಳು ಕೂಟದ ದಿನದವರೆಗೆ ಅಪ್ಪ ತೋಟಕ್ಕೆ ಹೋಗಿಯೇ ಇರಲಿಲ್ಲ. ನಾನು ಹಾಗೆಂದೆ. ಅಧಿಕಾರಿ ಅಪ್ಪನನ್ನು ಕೇಳಿದರು. ಅಪ್ಪ, "ಇಲ್ಲ ಸ್ವಾಮಿ, ನಾನ್ ಓಗಿರ್ನಿಲ್ಲ. ಆದ್ರೆ ಪಟ್ಟಿ ನಂದೇ," ಎಂದ.

"ಅವತ್ತು ತಪ್ಪು ನಿಮ್ಮದೇ ಅಂತ ಹೇಳಿದ್ರಲ್ಲ?"

"ಏಳ್ದೆ ಸ್ವಾಮಿ."

"ಈಗ ಇಲ್ಲ ಅಂತೀರಾ?"

ಅಪ್ಪ ಪ್ಲಾಸ್ಟಿಕ್ಕಿನ ಮೇಲಿಂದಲೇ ಪಟ್ಟಿಯನ್ನು ಸವರಿದ. ನನಗೆ ಆ ಕ್ಷಣ ಎಂಜಿನಿಯರಿಗಿಂತ ಅಪ್ಪನ ಮೇಲೆ ಸಿಟ್ಟು ಬಂತು. ಎದ್ದು ಅವನ ಭುಜ ಹಿಡಿದು ಅಲುಗಾಡಿಸಬೇಕೆನಿಸಿತು.

ಅಧಿಕಾರಿ, "ಸರಿ. ಅಂಟು ಹಳೆಯದೋ ಹೊಸದೋ ಅನ್ನೋದು ಜೋಡಣೆ ಬಿಡಿಸಿದರೆ ಗೊತ್ತಾಗುತ್ತೆ. ನಾಳೆ ಬೆಳಿಗ್ಗೆ ನಿಮ್ಮ ಉಳಿ ತನ್ನಿ. ನನ್ನೆದುರೇ ಬಿಡಿಸಿ," ಎಂದರು.

"ನಾಳೆ ಆಗಲ್ಲ ಸ್ವಾಮಿ."

"ಯಾಕೆ?"

"ಅಮಾಸೆ. ಅಮಾಸೆ ದಿನ ನಾವ್ ಉಳಿ ಮುಟ್ಟಲ್ಲ. ನಮ್ಮಪ್ಪ ಮುಟ್ಟಿಲ್ಲ, ನಾನೂ ಮುಟ್ಟಿಲ್ಲ. ನಾಡಿದ್ದು ಎಷ್ಟೊತ್ತಿಗ್ ಬಾ ಅಂದ್ರೂ ಬತ್ತೀನಿ."

"ರೀ, ಒಂದು ಸರಕಾರಿ ವಿಚಾರಣೆ ಇದು. ಒಂದು ದಿನಕ್ಕೆ ಏನಾಗುತ್ತೆ?"

"ಏನೂ ಆಗಲ್ಲ ಸ್ವಾಮಿ. ಆದ್ರೂ ಮುಟ್ಟಲ್ಲ."

ಎಂಜಿನಿಯರು ನಕ್ಕರು. ಅವರು ನಗದೇ ಇದ್ದಿದ್ದರೆ ನಾನು ತಲೆಯೆತ್ತುತ್ತಿರಲಿಲ್ಲವೇನೋ. ಎತ್ತಿದಾಗ ಎದುರಿಗೆ ಕ್ಯಾಲೆಂಡರಿತ್ತು. ನಮ್ಮ ಮನೆಯಲ್ಲಿ ತಿಂಗಳು ಬದಲಾದ ಕೂಡಲೇ ಮೊದಲು ನೋಡುವುದು ಅದರಲ್ಲಿನ ಅಮಾವಾಸ್ಯೆಯ ಕಪ್ಪು ಚುಕ್ಕೆಯನ್ನೇ. ಆ ದಿನ ಮನೆಯಲ್ಲಿ ಬಡಿಯುವ ಸದ್ದಿರುವುದಿಲ್ಲ. ನಾನು ಪರೀಕ್ಷೆಗೆ ಓದಿದ್ದೆಲ್ಲ ಆ ದಿನಗಳಲ್ಲೇ.

ನಾನು ಎದ್ದು ಹೋಗಿ ಹಿಂದಿನ ತಿಂಗಳ ಹಾಳೆಯನ್ನು ಮಗುಚಿದೆ. ಲಾಗ್ ಪುಸ್ತಕದ ಆ ನಮೂದಿನ ತಾರೀಕನ್ನು ಗಟ್ಟಿಯಾಗಿ ಓದಲು ಎಂಜಿನಿಯರಿಗೆ ಹೇಳಿದೆ. ಅವರು ಓದಿದರು. ನಾನು ಆ ಚೌಕದ ಮೇಲೆ ಬೆರಳಿಟ್ಟೆ. ಕಪ್ಪು ಚುಕ್ಕೆ.

ಅಧಿಕಾರಿ ಕನ್ನಡಕ ಹಾಕಿಕೊಂಡು ಕ್ಯಾಲೆಂಡರಿನ ಹತ್ತಿರಕ್ಕೆ ಬಂದರು. ಎಂಜಿನಿಯರು, "ತಾರೀಕು ಬರೆಯುವಾಗ ಒಂದು ದಿನ ಹಿಂದೆ ಮುಂದೆ ಆಗಿರಬಹುದು," ಎಂದರು.

"ಯಾವ ದಿನ?" ಎಂದೆ.

"ನೆನಪಿಲ್ಲ."

"ನೆನಪಿಲ್ಲದ ದಿನದಲ್ಲಿ ನನ್ನ ಅಪ್ಪ ಅಂಟು ಹಾಕಿದ್ದು ಮಾತ್ರ ನೆನಪಿದೆಯಾ?"

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಅಧಿಕಾರಿ ಕೂತುಕೊಳ್ಳಿ ಎಂದರು. ಆಮೇಲೆ ನಿಧಾನವಾಗಿ ಹೇಳಿದರು. "ನಮೂದಿನ ಮೇಲೆ ನನಗೂ ಅನುಮಾನ ಬಂದಿದೆ, ಅದನ್ನ ಬರೆದುಕೊಳ್ತೀನಿ. ಜೋಡಣೆಯನ್ನ ನಾಡಿದ್ದೇ ಬಿಡಿಸೋಣ. ಆದರೆ ನಮೂದು ಸುಳ್ಳಾದ ಮಾತ್ರಕ್ಕೆ ಪಟ್ಟಿ ಗಾಳಿಯಲ್ಲಿ ಮುರಿದಿಲ್ಲ ಅಂತ ಆಗಲ್ಲ. ಬೇಕೆಂದೇ ಕೆಳಗೆ ಹಾರಿಸಿದರು ಅಂತ ಹೇಳೋಕೆ ನನ್ನ ಹತ್ತಿರ ಏನಿದೆ? ಅತಿಥಿಗಳೆಲ್ಲ ಏನೂ ಗಮನಿಸಲಿಲ್ಲ ಅಂತ ಬರೆದುಕೊಟ್ಟಿದ್ದಾರೆ. ನಿಮಗೇನಾದರೂ ಗೊತ್ತಾ?"

ಅಪ್ಪ ನನ್ನ ಕಡೆ ನೋಡಿದ. ಹೇಳಬೇಕಾದ ಜಾಗ ಅದೇ ಆಗಿತ್ತು. ನಾನು ಫೋನನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

ಬಸ್ಸಿಗೆ ಕಾಯುತ್ತ ಹೋಟೆಲಿನಲ್ಲಿ ಕಾಫಿಗೆ ಕೂತಾಗ ಸಿಟ್ಟೆಲ್ಲ ಅಪ್ಪನ ಮೇಲೆ ಸುರಿಯಿತು. ನೀನು ಆ ದಿನ ಬಾಯಿ ಮುಚ್ಚಿಕೊಂಡಿದ್ದರೆ ಇದೆಲ್ಲ ಇರುತ್ತಿತ್ತಾ, ಇವತ್ತಾದರೂ ನನ್ನದಲ್ಲ ಎನ್ನಲು ಏನು ರೋಗ ಎಂದೆಲ್ಲ ಅಂದೆ. ಅಪ್ಪ ಕಾಫಿ ಆರಿಸಿಕೊಂಡು ಕುಡಿದ.

"ಮುರ್ದಿರೋ ಸಾಮಾನ್ ಮುಂದ್ಗಡೆ ನಿಂತ್ಕೊಂಡು ನಂದಲ್ಲ ಅನ್ನಾದ್ ನಂಗ್ ಬರಲ್ಲ ಕಣವ್ವ."

"ಅವರು ವಾಪಸ್ ಮಾತು ಕೊಟ್ಟರಾ?"

"ಕೊಡ್ನಿಲ್ಲ." ಲೋಟವನ್ನು ಕೆಳಗಿಟ್ಟ. "ಕಾಯ್ತಿದ್ದೆ. ಆಸ್ಪತ್ರೆಯಿಂದನಾದ್ರೂ ಒಂದ್ ಮಾತ್ ಏಳ್ಕಳಿಸ್ತಾರೆ ಅಂತ. ಇಷ್ಟ್ ದಿನ ಕಾಯ್ದೆ."

ಅಪ್ಪನಿಗೆ ಸಿಟ್ಟಿರಲಿಲ್ಲವೆಂದು ನಾನು ತಿಳಿದಿದ್ದೆ. ಇತ್ತು. ಅದು ಇಪ್ಪತ್ತೈದು ದಿನ ಒಂದು ಮಾತಿಗಾಗಿ ಕೂತು ಕಾದಿತ್ತು. ನನ್ನದನ್ನು ನಾನು ಅವನ ಮೇಲೆ ಚೆಲ್ಲಿದ್ದು ಅದನ್ನು ಬೇರೆ ಎಲ್ಲಿಡಬೇಕೆಂದು ತಿಳಿಯದೆ. ಅಲ್ಲೇ, ಎದುರಿಗೆ ಸಕ್ಕರೆ ಡಬ್ಬಿಯನ್ನು ನೋಡುತ್ತ, ಶೆಡ್ಡಿನಲ್ಲಿ ಯಜಮಾನರು ನನಗೆ ಏನೆಂದರು, ನಾನು ಹೇಗೆ ನಕ್ಕೆ ಎಂಬುದನ್ನು ಹೇಳಿದೆ. ಕೆಳಗೆ ಹಾರುವ ಮಾತು ತಾತನದು, ನಾನು ಪರೀಕ್ಷಿಸದೆ ಬರೆದೆ ಎಂದೂ ಹೇಳಿದೆ.

ಅಪ್ಪ, "ನಿಮ್ ತಾತ ಮಾವಿನ್ ಮರದ ಎತ್ರ ಅಂತಿದ್ದ ಕಣೆ. ನಂಗ್ ಏಳ್ವಾಗ. ನಿಂಗ್ ಏಳ್ವಾಗ ತೆಂಗಾಯ್ತಾ?" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಬಸ್ ಬಂತು, ಏಳು," ಎಂದ.

ಮರುದಿನ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಉಳಿ, ಬಾಚಿ, ಗರಗಸಗಳನ್ನು ಒರೆಸಿ ಸಾಲಾಗಿ ಜೋಡಿಸಿ ಕುಂಕುಮ ಇಡುತ್ತಿದ್ದ. ಎಲ್ಲಿಗೆ ಎಂದು ಕೇಳಿದ. ಪಾಂಡವಪುರದ ಮೇಲೆ ಆ ಗದ್ದೆಗೆ, ಅಜ್ಜಿ ಕಂಡದ್ದನ್ನು ಬರೆದುಕೊಳ್ಳಲು ಎಂದೆ. "ಬರಿಯಾದ್ ಬರಿ. ಮರ್ವಾದೆಯಾಗ್ ಬರಿ," ಎಂದ.

ಅಜ್ಜಿ ಗದ್ದೆಯಲ್ಲೇ ಇದ್ದಳು. ತಲೆಯಿಲ್ಲದ ಮರವನ್ನು ಇನ್ನೂ ಕಡಿಸಿರಲಿಲ್ಲ. ನಾನು ಯಾರ ಮಗಳೆಂದು ಹೇಳಿಕೊಂಡು, ನಾಲೆಯ ಏರಿಯ ಮೇಲೆ ಕೂತು ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ.

"ಮೊದ್ಲು ಬಂದಾಗ ನನ್ ತಲೆ ಮೇಲಿನ್ ಸೆರಗು ಆರೋಯ್ತು. ಎಲ್ಡ್ನೇ ಸರ್ತಿಗೆ ಎಮ್ಮೆ ಗೂಟ ಕಿತ್ಕೊಂಡ್ ಓಡ್ತು. ಮೂರ್ನೇ ಸರ್ತಿಗೆ ಮರದ್ ತಲೇನೇ ಎತ್ಕೊಂಡೋಯ್ತು, ಅವನ್ ಮನೆ ಆಳಾಗೋಗ."

"ಬರುವಾಗಲೇ ರೆಕ್ಕೆ ಮುರಿದಿತ್ತಾ ಅಜ್ಜಿ? ಬೀಳುವ ಹಾಗೆ ಬರುತ್ತಿತ್ತಾ?"

"ಎಲ್ಲಿ ಮುರ್ದಿತ್ತವ್ವ? ನಗ್ತಾ ನಗ್ತಾ ನನ್ ಕಡೆ ಕೈ ಬೀಸ್ಕೊಂಡ್ ಬಂದ. ಬೀಳೋನು ಕೈ ಬೀಸ್ತಾನಾ?"

ಹೆಬ್ಬೆಟ್ಟಿಗೆ ಶಾಯಿ ಹುಡುಕುತ್ತಿದ್ದೆ. ಅವಳು ಪೆನ್ನು ಕಿತ್ತುಕೊಂಡು, "ನಂಗ್ ಸೈನ್ ಬತ್ತದೆ," ಎಂದು ಬೈಯುತ್ತ ಒಂದೊಂದೇ ಅಕ್ಷರ ಒತ್ತಿ ಬರೆದಳು.

ಇನ್ನೊಂದು ಹಾಳೆ ತೆಗೆದು ನನ್ನದನ್ನು ಬರೆದೆ. ಗೋಡೆಯ ಮೇಲಿರುವ ಆ ವಾಕ್ಯ ನನ್ನದು, ಅದು ಯಾವ ಲಾಗ್ ಪುಸ್ತಕದಲ್ಲೂ ಇಲ್ಲ. ಹಾರುವ ಮುನ್ನ ಯಜಮಾನರು ಅದನ್ನು ಎರಡು ಸಲ ಓದಿ, ನಿಜ ಮಾಡಿ ತೋರಿಸುತ್ತೇನೆ ಎಂದರು. ನಾನು ಕೇಳಿದೆ, ತಡೆಯಲಿಲ್ಲ, ನಕ್ಕೆ. ನಕ್ಕೆ ಎಂಬುದನ್ನು ಒಮ್ಮೆ ಹೊಡೆದುಹಾಕಿದೆ. ಅದರ ಮೇಲೆ ಮತ್ತೆ ಬರೆದೆ.

ಪಾಂಡವಪುರದಲ್ಲಿ ಎರಡು ಹಾಳೆಯ ಜೆರಾಕ್ಸ್ ಮಾಡಿಸಿ ಕೆ.ಆರ್.ಎಸ್. ಬಸ್ಸು ಹತ್ತಿದೆ. ಅಧಿಕಾರಿ ಅವನ್ನು ನಿಂತುಕೊಂಡೇ ಓದಿದರು. ತೆಗೆದುಕೊಂಡದ್ದಕ್ಕೆ ಪ್ರತಿಯ ಮೇಲೆ ಸಹಿ ಬೇಕೆಂದೆ. ಹಾಕಿದರು. ತಾರೀಕನ್ನೂ ಬರೆಯಿರಿ ಎಂದೆ. ಅವರು ಗೋಡೆಯ ಕ್ಯಾಲೆಂಡರನ್ನು ಒಮ್ಮೆ ನೋಡಿ, ಬರೆದುಕೊಟ್ಟರು.